ಕಲ್ಲುಗಲ್ಲಿಗೆ ಬಂದ ಔಷಧದವನು

ಅಧ್ಯಾಯ ಐದು

"ಬಾಗಲಾ ತೆಗೀರಿ ಬಾಯೇರ. ಮಚ್ಚರದ ಔಷಧ ಹೊಡೀಲಿಕ್ಕ ಬಂದೀನ್ರಿ."

ಹೊಲಿಗೆ ಯಂತ್ರದ ಮೇಲಿದ್ದ ನೀಲಾಬಾಯಿಯ ಪಾದ ಹಾಗೇ ನಿಂತಿತು. ಸೂಜಿ ಅರ್ಧಕ್ಕೆ ಇಳಿದು ರವಿಕೆಯ ತೋಳಿನಲ್ಲಿ ಸಿಕ್ಕಿಕೊಂಡಿತು.

ಎಂಟು ದಿನಗಳಿಂದ ಅವಳು ಕಾಯುತ್ತಿದ್ದದ್ದು ಇದೇ ಮಾತಿಗೆ. ಸೊಳ್ಳೆ ಔಷಧ ಹೊಡೆಯುವ ನೆಪದಲ್ಲಿ ಶಹಾಬಾದದ ಮೂರು ಮನೆ ಹೊಕ್ಕು, ಹೆಂಗಸರನ್ನು ಹೊರಗೆ ಕಳಿಸಿ, ಪೆಟ್ಟಿಗೆಯಲ್ಲಿದ್ದ ಬಂಗಾರ ಎತ್ತಿಕೊಂಡು ಹೋದವನು ನಾಲ್ಕನೆಯ ಬಾಗಿಲಿಗೂ ಬಂದೇ ಬರುತ್ತಾನೆ ಎಂದು ಅವಳು ಎಲ್ಲರಿಗೂ ಹೇಳಿದ್ದಳು. ಆ ಬಾಗಿಲು ತನ್ನದೇ ಆದೀತು ಎಂದು ಮಾತ್ರ ಎಣಿಸಿರಲಿಲ್ಲ.

ಆಗ ಹಗಲು ಹನ್ನೊಂದು ಗಂಟೆ. ಗಲ್ಲಿಯ ಗಂಡಸರು ಕಲ್ಲಿನ ಖಣಿಗೋ ವಾಡಿಯ ರೈಲ್ವೆ ಕೆಲಸಕ್ಕೋ ಹೋಗಿಯಾಗಿತ್ತು. ಆ ಮೂರು ಮನೆಗೂ ಅವನು ಬಂದದ್ದು ಇದೇ ಹೊತ್ತಿಗೆ.

"ಬಂದೆ, ಜರಾ ನಿಂದ್ರಿ" ಎಂದು ಕೂಗಿ ನೀಲಾಬಾಯಿ ಎದ್ದಳು. ಎದ್ದವಳು ಬಾಗಿಲ ಕಡೆಗೆ ಹೋಗಲಿಲ್ಲ, ಕಿಟಕಿಯ ಕಡೆಗೆ ಹೋದಳು.

ಅದು ಅವಳೇ ಮಾಡಿದ ಕಾಯ್ದೆ. ಮೂರನೆಯ ಕಳವು ಇದೇ ಗಲ್ಲಿಯ ಕೊನೆಯ ಮನೆಯಲ್ಲಿ, ಮಹಾದೇವಮ್ಮನ ಮನೆಯಲ್ಲಿ ಆಗಿತ್ತು. ಮರುದಿನವೇ ನೀಲಾಬಾಯಿ ತನ್ನ ಹತ್ತಿರ ಹೊಲಿಗೆ ಕಲಿಯುವ ಹುಡುಗಿಯರನ್ನೂ ಅವರ ತಾಯಂದಿರನ್ನೂ ಕೂಡಿಸಿ ಖಡಾಖಡಿ ಹೇಳಿದ್ದಳು. ದನಿ ಕೇಳಿದ ಕೂಡಲೇ ಅಗಳಿ ತೆಗೆಯಬಾರದು, ಮೊದಲು ಕಿಟಕಿಯಿಂದ ಮುಖ ನೋಡಬೇಕು. ಯಾರು ಕಳಿಸಿದರೆಂದು ಕೇಳಬೇಕು, ಚೀಟಿ ಕೇಳಬೇಕು. ಒಬ್ಬಳೇ ಇದ್ದರೂ ಒಬ್ಬಳೇ ಇದ್ದೇನೆ ಎನ್ನಬಾರದು. ಎದುರು ಮನೆಯವರನ್ನು ಕರೆಯದೆ ಯಾರನ್ನೂ ಒಳಗೆ ಬಿಡಬಾರದು.

"ಬೀಗರು ಬಂದ್ರೂ ಚೀಟಿ ಕೇಳಬೇಕೇನ್ರಿ?" ಎಂದಿದ್ದಳು ಒಬ್ಬಳು.

"ಬೀಗರಿಗಂತೂ ಕೇಳಲೇಬೇಕು" ಎಂದಿದ್ದಳು ಮತ್ತೊಬ್ಬಳು.

ನಗುನಗುತ್ತಲೇ ಎಲ್ಲರೂ ಒಪ್ಪಿದರು. ಇನ್ನೂ ಒಂದು ಕೆಲಸ ಮಾಡಿದರು. ತಮ್ಮ ತಮ್ಮ ಒಡವೆಗಳನ್ನು ಗಂಟು ಕಟ್ಟಿ, ನೀಲಾಬಾಯಿಯ ಎದುರು ಮನೆಯ ಜೈತುನ್ಬೀಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟರು. ಬಳೆ ಮಾರುವ ಜೈತುನ್ಬೀ ತನ್ನ ಹೊಸ್ತಿಲಲ್ಲೇ ಅಂಗಡಿ ಹೂಡಿದವಳು. ಬೆಳಗಾದರೆ ಅಲ್ಲಿ ಕೂತವಳು ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ. ಈ ಮಾತು ಗಲ್ಲಿ ದಾಟಬಾರದು ಎಂದು ಆಣೆ ಪ್ರಮಾಣವೂ ಆಗಿತ್ತು.

ನೀಲಾಬಾಯಿ ಕಿಟಕಿಯ ಕದ ಎರಡು ಬೆರಳಿನಷ್ಟು ತೆರೆದಳು.

ಹೊರಗೆ ನಿಂತಿದ್ದವನಿಗೆ ಮೂವತ್ತರ ಆಸುಪಾಸು. ಖಾಕಿ ಅಂಗಿ, ಹೆಗಲಿಗೆ ಪಂಪು, ಕೈಯಲ್ಲಿ ಬಕೆಟ್ಟು, ಕೊರಳಿಗೆ ಕಟ್ಟಿಕೊಂಡ ದಸ್ತಿ ಬಟ್ಟೆ. ಮಹಾದೇವಮ್ಮ ಹೇಳಿದ್ದೂ ಅದನ್ನೇ. ಮೂಗಿಗೆ ದಸ್ತಿ ಕಟ್ಟಿದ್ದ, ಕಣ್ಣು ಬಿಟ್ಟರೆ ಬೇರೇನೂ ಕಾಣಲಿಲ್ಲ ಎಂದಿದ್ದಳು.

ಇಪ್ಪತ್ತು ವರ್ಷ ಅಂಗಿ ಹೊಲಿದ ಕಣ್ಣು ನೀಲಾಬಾಯಿಯದು. ಅದು ಮುಖಕ್ಕಿಂತ ಮೊದಲು ಹೊಲಿಗೆ ನೋಡಿತು. ಭುಜದ ಹೊಲಿಗೆ ಎರಡು ಬೆರಳು ಕೆಳಗೆ ಜೋಲುತ್ತಿತ್ತು, ತೋಳು ಮಣಿಕಟ್ಟು ದಾಟಿ ಅಂಗೈಗೆ ಬಂದಿತ್ತು. ಈ ಅಂಗಿ ಇವನ ಅಳತೆಗೆ ಹೊಲಿದದ್ದಲ್ಲ.

ಪಂಪಿನ ಕೊಳವೆಯ ಬಾಯಿ ಒಣಗಿತ್ತು. ಅಷ್ಟರಲ್ಲಿ ಗಾಳಿ ಈ ಕಡೆಗೆ ಬೀಸಿತು. ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತು.

ಕಳವಾದ ಮೂರು ಮನೆಯವರೂ ಹೇಳಿದ ಒಂದೇ ಗುರುತು ಅದು. ಅವನು ಹೋದ ಮೇಲೆ ಮನೆಯಲ್ಲಿ ಔಷಧದ ನಾತ ಇರಲಿಲ್ಲ, ಸೀಮೆಎಣ್ಣೆ ನಾತ ಇತ್ತು.

"ಯಾರಪ್ಪಾ ನೀನು?"

"ನಾನ್ರಿ, ಭಗವಂತ."

"ಭಗವಂತ ಆದ್ರೂ ಚೀಟಿ ತೋರಸಬೇಕಾಗ್ತದ."

ಅವನು ಹಲ್ಲು ಕಿರಿದ. "ಹೆಸರೇ ಹಂಗದ ನೋಡ್ರಿ, ಎಲ್ಲಿ ಹೋದ್ರೂ ಮಂದಿ ನಗ್ತಾರ. ಚೀಟಿ ನಮ್ಮ ಸಾಹೇಬರ ಕಡೆ ಅದರಿ. ಅವರು ಹಿಂದಿನ ಗಲ್ಲ್ಯಾಗ ಇದಾರ."

"ಒಬ್ಬಾವನೇ ಬಂದೀಯಲ್ಲ?"

"ಜೋಡಿದಾರ ನೀರು ತರಲಿಕ್ಕ ಹೋಗ್ಯಾನ್ರಿ. ನೀಲಾಬಾಯಿ ಅಂದ್ರ ನೀವೇ ಅಲ್ಲೇನ್ರಿ? ಮನ್ಯಾಗ ಒಬ್ಬರೇ ಇರೋದು, ಭಾಳ ಹೊತ್ತು ಹಿಡೆಂಗಿಲ್ಲ ಬಿಡ್ರಿ."

ನೀಲಾಬಾಯಿ ಕಿಟಕಿಯ ಕದವನ್ನು ಇನ್ನೊಂದು ಬೆರಳಿನಷ್ಟು ಮುಚ್ಚಿದಳು. ಹೆಸರೂ ಗೊತ್ತು, ಒಬ್ಬಳೇ ಇರುವುದೂ ಗೊತ್ತು. ಗಂಡ ತೀರಿಕೊಂಡು ಆರು ವರ್ಷವಾಯಿತು, ಮಗಳು ಚಿತ್ತಾಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಇದನ್ನೆಲ್ಲ ಇವನಿಗೆ ಯಾರು ಹೇಳಿದರು?

"ಒಬ್ಬಾಕಿ ಯಾಕ? ನನ್ನ ತಮ್ಮ ಒಳಗ ಮಲಗ್ಯಾನ" ಎಂದಳು ದನಿ ಏರಿಸಿ. "ಅಮೃತಪ್ಪಾ, ಏಳೋ ಮಾರಾಯ. ಯಾರೋ ಬಂದಾರ ನೋಡು."

ಅಮೃತಪ್ಪ ಎನ್ನುವ ತಮ್ಮ ಅವಳಿಗೆ ಇರಲೇ ಇಲ್ಲ. ಅಡುಗೆಮನೆಯಲ್ಲಿದ್ದದ್ದು ಬೆಕ್ಕು ಮಾತ್ರ. ಇಷ್ಟು ಜೋರು ದನಿ ಕೇಳಿ ಅದು ಕಪಾಟಿನಿಂದ ಜಿಗಿಯಿತು, ಹಿತ್ತಾಳೆ ತಟ್ಟೆಯೊಂದು ಉರುಳಿ ಝಣಝಣ ಸದ್ದಾಯಿತು. ಹೊರಗಿದ್ದವನು ಒಂದು ಹೆಜ್ಜೆ ಹಿಂದೆ ಸರಿದ.

"ಎದ್ರೇನೋ ಅಣ್ಣಾರು" ಎಂದ ಮರ್ಯಾದೆಯಿಂದ.

"ಎದ್ದಾನ. ಸಿಟ್ಟಿನ ಮನಿಷ್ಯಾ ಅವ. ನೀ ಹಿಂಗ ಮಾಡು, ಮೊದಲ ಬಾಜೂಕಿನ ಕಟ್ಟಿಗಿ ಖೋಲ್ಯಾಗ ಹೊಡಿ. ಮಚ್ಚರ ಎಲ್ಲಾ ಅಲ್ಲೇ ಅವ. ಅಷ್ಟೊತ್ತಿಗೆ ಇಲ್ಲಿ ಸಾಮಾನು ಸರಸ್ತೀನಿ."

ಕಟ್ಟಿಗೆ ಖೋಲಿಯ ಬಾಗಿಲು ಗಲ್ಲಿಯ ಕಡೆಗೇ ಇತ್ತು. ನಾಲ್ಕೂ ಕಡೆ ಕಲ್ಲಿನ ಗೋಡೆ, ಮೇಲೆ ಕಲ್ಲಿನ ಹಾಸು, ಒಂದೇ ಒಂದು ಬೆಳಕಿನ ಕಿಂಡಿ. ಅವನು "ಆತ್ರಿ" ಎಂದು ತಲೆ ಬಗ್ಗಿಸಿ ಒಳಗೆ ನಡೆದ.

ನೀಲಾಬಾಯಿ ಕತ್ತರಿಸುವ ಮಣೆಯ ಮೇಲಿದ್ದ ದೊಡ್ಡ ಕತ್ತರಿ ಎತ್ತಿಕೊಂಡಳು. ಹಿತ್ತಲ ಬಾಗಿಲಿನಿಂದ ಬರಿಗಾಲಲ್ಲೇ ಹೊರಬಿದ್ದು, ಗೋಡೆ ಸುತ್ತಿ, ಕಟ್ಟಿಗೆ ಖೋಲಿಯ ಮುಂದೆ ಬಂದಳು. ಕದ ಎಳೆದಳು, ಚಿಲಕ ಹಾಕಿದಳು. ಚಿಲಕದ ಕೊಂಡಿಗೆ ಕತ್ತರಿಯನ್ನು ಉದ್ದಕ್ಕೆ ತೂರಿಸಿದಳು. ಬೀಗ ಹಾಕಿದ್ದರೂ ಅಷ್ಟು ಗಟ್ಟಿಯಾಗುತ್ತಿರಲಿಲ್ಲ.

ಎದುರು ಹೊಸ್ತಿಲಲ್ಲಿ ಬಳೆ ಸರ ಹಿಡಿದು ಕೂತಿದ್ದ ಜೈತುನ್ಬೀ ಬಾಯಿ ತೆರೆದು ನೋಡುತ್ತಿದ್ದಳು.

"ಸಿಕ್ಕ" ಎಂದಳು ನೀಲಾಬಾಯಿ.

"ಯಾ ಅಲ್ಲಾ" ಎಂದು ಜೈತುನ್ಬೀ ಎದ್ದು ನಿಂತಳು. ಗಲ್ಲಿಯ ಬಾಯಿಯಲ್ಲಿ ಪೀರಪ್ಪನ ಟಾಂಗಾ ಹೊರಟಿತ್ತು. "ಏ ಪೀರಪ್ಪಾ, ಠಾಣೆಗೆ ಓಡ್ಸು. ಜಮಾದಾರ್ ಸಾಬ್‌ಗ ಹೇಳು, ನೀಲಾಬಾಯಿ ಕಳ್ಳನ್ನ ಹಿಡದಾಳ ಅಂತ."

ಟಾಂಗಾ ಗಡಗಡ ಎಂದು ತಿರುಗಿ ಹೋಯಿತು. ಅದು ಕಣ್ಮರೆಯಾದ ಮೇಲೆ ನೀಲಾಬಾಯಿಗೆ ನೆನಪಾಯಿತು. ತನ್ನ ಗುಮಾನಿಯ ಮೊದಲ ಹೆಸರೇ ಪೀರಪ್ಪನದು. ಗಲ್ಲಿಯ ಗಂಡಸರನ್ನು ದಿನಾ ಸ್ಟೇಷನ್ನಿಗೆ ಬಿಡುವವನು ಅವನೇ. ಯಾರ ಪಾಳಿ ಎಷ್ಟು ಹೊತ್ತಿಗೆ, ಯಾವ ಮನೆಯಲ್ಲಿ ಯಾವಾಗ ಗಂಡಸರಿಲ್ಲ ಎನ್ನುವುದು ಅವನಿಗೆ ಬಾಯಿಪಾಠ. ಎರಡನೆಯವನು ರೇಷನ್ ಅಂಗಡಿಯ ಕಲ್ಯಾಣಪ್ಪ. ಮನೆಮನೆಯ ತಲೆ ಎಷ್ಟೆಂದು ಬಲ್ಲವನು, ಇಡೀ ದಿನ ಸೀಮೆಎಣ್ಣೆ ಅಳೆದು ಕೊಡುವವನು.

ಪೀರಪ್ಪ ಠಾಣೆಗೆ ಹೋಗದೇ ಬೇರೆಲ್ಲಿಗಾದರೂ ಹೋದರೆ? ಯೋಚಿಸಲು ಪುರಸೊತ್ತಿರಲಿಲ್ಲ. ಒಳಗಿನಿಂದ ದನಿ ಬಂತು.

"ಬಾಯೇರ, ಬಾಗಲಾ ಗಾಳಿಗೆ ಹಾಕ್ಕೊಂತೇನ್ರಿ?"

"ಗಾಳಿಗಲ್ಲ. ನಾನೇ ಹಾಕೀನಿ."

"ಯಾಕ್ರಿ?"

"ಯಾಕ ಅಂತ ನಿನಗ ಗೊತ್ತದ. ಮಹಾದೇವಮ್ಮನ ಬೋರಮಾಳ ಸರ ಎಲ್ಲಿಟ್ಟೀದಿ?"

"ಯಾವ ಮಹಾದೇವಮ್ಮ್ರಿ? ನಮ್ಮ ಪಟ್ಟ್ಯಾಗ ಮೂರು ಮಂದಿ ಮಹಾದೇವಮ್ಮ ಇದಾರ."

"ಕಡೀ ಮನಿ ಮಹಾದೇವಮ್ಮ. ಶುಕ್ರವಾರ ಆಕೀನ್ನ ಹೊರಗ ಕುಂದರಿಸಿ ಒಳಗ ಏನು ಹೊಡದಿ?"

"ಶುಕ್ರವಾರ ನಾ ತೆಂಗಳ್ಯಾಗ ಇದ್ದೆನ್ರಿ. ಬೇಕಾದ್ರ ಊರ ಮಂದೀನ್ನ ಕೇಳ್ರಿ, ಅಲ್ಲಿ ಒಂದು ನಾಯಿ ನನಗ ಕಚ್ಚಲಿಕ್ಕ ಬಂದಿತ್ತು."

"ನಾಯೀನ್ನ ಸಾಕ್ಷಿಗೆ ತರತೀ ಏನು? ನಿನಗ ಮನಿ ತೋರಿಸಿದವರು ಯಾರು, ಅದು ಹೇಳು. ಪೀರಪ್ಪನೋ, ಕಲ್ಯಾಣಪ್ಪನೋ?"

"ಗೋಡ್ಯಾಗ ನಂಬರ್ ಅದಲ್ರಿ, ಯಾರು ತೋರಸೋದು ಏನದ?"

ಈ ಮಾತಿಗೆ ನೀಲಾಬಾಯಿ ತುಸು ತಬ್ಬಿಬ್ಬಾದಳು. ಸಿಕ್ಕಿಬಿದ್ದ ಕಳ್ಳ ಕದ ಒದೆಯಬೇಕು, ಬೈಯಬೇಕು, ಇಲ್ಲವೇ ಅಳಬೇಕು. ಇವನು ಅದಾವುದನ್ನೂ ಮಾಡುತ್ತಿಲ್ಲ. ಒಳಗೆ ಏನನ್ನೋ ಕುಟ್ಟುವ ಸದ್ದು, ಬಾಯಿಂದ ಊದುವ ಸದ್ದು ಕೇಳಿಸಿತು. ಆಮೇಲೆ ಶುಕ್ ಶುಕ್ ಎಂದು ಪಂಪು ಒತ್ತುವ ಸದ್ದು ಒಂದೇ ಸಮನೆ ಬರತೊಡಗಿತು.

"ಏನು ಮಾಡಲಿಕತ್ತೀ ಒಳಗ?"

"ಹೆಂಗೂ ಬಾಗಲಾ ಹಾಕೀರಿ. ಸುಮ್ಮ ಯಾಕ ಕುಂದರಬೇಕು, ಕೆಲಸ ಮುಗಸ್ತೀನಿ."

ಅಷ್ಟರಲ್ಲಿ ಗಲ್ಲಿ ತುಂಬತೊಡಗಿತು. ಮೊದಲು ಇಬ್ಬರು ಬಂದರು, ಆಮೇಲೆ ಹತ್ತು ಜನ, ನೋಡನೋಡುತ್ತ ನಲವತ್ತು ಜನ. ಕೈಗೆ ಜೋಳದ ಹಿಟ್ಟು ಅಂಟಿದವರು, ತಲೆಗೂದಲು ಒದ್ದೆಯಿದ್ದವರು, ಅರ್ಧ ಹೆಣೆದ ಹೂ ಹಿಡಿದು ಬಂದವರು. ರೇಷನ್ ಅಂಗಡಿ ಹಾಗೇ ಬಿಟ್ಟು ಕಲ್ಯಾಣಪ್ಪನೂ ಬಂದ. ಮಹಾದೇವಮ್ಮ ಸಾರಿನ ಸೌಟು ಹಿಡಿದುಕೊಂಡೇ ಓಡಿ ಬಂದು, "ಎಲ್ಲಿದಾನ, ನನಗೊಮ್ಮಿ ಕೊಡ್ರಿ ಅವನ್ನ" ಎಂದು ಸೀದಾ ಕದದ ಮುಂದೆ ನಿಂತಳು. ಜೈತುನ್ಬೀ ನಡುವೆ ನಿಂತು, ಕಳ್ಳ ಹೇಗೆ ಬಂದ, ಹೇಗೆ ಸಿಕ್ಕ ಎನ್ನುವುದನ್ನು ಬಂದವರಿಗೆಲ್ಲ ಹೊಸದಾಗಿ ಹೇಳುತ್ತಿದ್ದಳು. ಪ್ರತಿ ಸಲ ಹೇಳುವಾಗಲೂ ಕಳ್ಳ ಒಂದು ಗೇಣು ಎತ್ತರವಾಗುತ್ತಿದ್ದ.

ಕಾಲು ಗಂಟೆಯಲ್ಲಿ ಜಮಾದಾರ ಕಾಶಪ್ಪ ಸೈಕಲ್ ತುಳಿಯುತ್ತ ಬಂದ. ಹಿಂದೆಯೇ ಪೀರಪ್ಪನ ಟಾಂಗಾ ಬಂತು. ಸುದ್ದಿ ಮುಟ್ಟಿತ್ತು. ನೀಲಾಬಾಯಿ ಮನಸ್ಸಿನಲ್ಲೇ ಪೀರಪ್ಪನ ಹೆಸರನ್ನು ಅರ್ಧ ಅಳಿಸಿದಳು.

"ಸರೀರಿ, ಸರೀರಿ" ಎಂದು ಕಾಶಪ್ಪ ಜನರನ್ನು ಸೀಳಿಕೊಂಡು ಬಂದ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಹೊಟ್ಟೆ. ಮೂರು ಕಳವಿನಲ್ಲೂ ಒಂದು ಎಳೆಯೂ ಸಿಗದೆ ಫೌಜದಾರರಿಂದ ದಿನಾ ಬೈಸಿಕೊಳ್ಳುತ್ತಿದ್ದವನ ಮುಖದಲ್ಲಿ ಈಗ ಕಳೆ ಬಂದಿತ್ತು. "ಭೇಷ್ ಅಕ್ಕಾರ. ಎಲ್ಲಿದಾನ?"

ನೀಲಾಬಾಯಿ ಕತ್ತರಿ ಎಳೆದಳು. ಕಾಶಪ್ಪ ಲಾಠಿ ಮುಂದೆ ಚಾಚಿ ಕದ ನೂಕಿದ.

ಒಳಗಿನಿಂದ ಬೆಳ್ಳನೆಯ ಮನುಷ್ಯನೊಬ್ಬ ಸೀನುತ್ತ ಹೊರಗೆ ಬಂದ. ಹುಬ್ಬು ಬಿಳಿ, ಮೀಸೆ ಬಿಳಿ, ಅಂಗಿಯೂ ಅರ್ಧ ಬಿಳಿ. ಅವನ ಹಿಂದೆ ಔಷಧ ಬಿದ್ದ ಕಟ್ಟಿಗೆ ಖೋಲಿಯ ಗೋಡೆಗಳು ಆಗಲೇ ಒಣಗಿ ಸುಣ್ಣ ಬಳಿದ ಹಾಗೆ ಕಾಣುತ್ತಿದ್ದವು.

ಕಾಶಪ್ಪನ ಲಾಠಿ ಮೆಲ್ಲಗೆ ಕೆಳಗಿಳಿಯಿತು.

"ಏ ಭಗವಂತಾ, ನೀನೇನೋ?"

"ಹೌದ್ರಿ ಸಾಹೇಬರ" ಎಂದು ಅವನು ಮತ್ತೊಮ್ಮೆ ಸೀನಿದ.

"ಅಕ್ಕಾರ" ಎಂದ ಕಾಶಪ್ಪ ನೀಲಾಬಾಯಿಯ ಕಡೆಗೆ ತಿರುಗಿ, "ಇವ ಮುಂಜಾನೆ ನಮ್ಮ ಠಾಣೆಗೇ ಔಷಧ ಹೊಡದು ಬಂದಾನ. ಖರೇ ಮನಿಷ್ಯಾ. ನನ್ನ ಕುರ್ಚಿ ಸೈತ ಬೆಳ್ಳಗ ಮಾಡ್ಯಾನ."

ಮಹಾದೇವಮ್ಮನೇ ಮೊದಲು ನಕ್ಕಳು. ಹಿಂದೆಯೇ ಇಡೀ ಗಲ್ಲಿ ನಕ್ಕಿತು. ಭಗವಂತನೂ ನಕ್ಕ. ನೀಲಾಬಾಯಿಗೆ ಮಾತ್ರ ನೆಲ ಬಿರಿದರೆ ಇಳಿದು ಹೋಗೋಣ ಎನಿಸಿತು. ಆದರೂ ಮನಸ್ಸಿನಲ್ಲಿದ್ದ ಗಂಟು ಬಿಡಿಸಿಕೊಳ್ಳದೆ ಅವಳು ಬಿಡುವವಳಲ್ಲ.

"ಮತ್ತ ಆ ಅಂಗಿ ಯಾರದು? ನಿನ್ನ ಅಳತೀದಲ್ಲ."

"ನಮ್ಮಣ್ಣಂದ್ರಿ. ನಂದು ಒಗದು ಹಾಕೀನಿ, ಒಣಗಿಲ್ಲ."

"ಸೀಮೆಎಣ್ಣಿ ನಾತ?"

"ಪಂಪಿನ ಬಾಯಿ ಕಟ್ಟಿತ್ತು. ಎಣ್ಣಿ ಹಚ್ಚಿ ತಿಕ್ಕಿದೆ. ಆದ್ರೂ ಬಿಡ್ಲಿಲ್ಲ, ನಿಮ್ಮ ಖೋಲ್ಯಾಗ ಕುಂತು ಸೂಜಿಲೇ ಚುಚ್ಚಿದೆ, ಬಿಡ್ತು."

"ನಾ ಒಬ್ಬಾಕೀನೇ ಇರ್ತೀನಿ ಅಂತ ಹೆಂಗ ಗೊತ್ತಾತು?"

"ಪಟ್ಟ್ಯಾಗ ಅದ್ರಿ. ಮನಿ ನಂಬರ್, ಯಜಮಾನರ ಹೆಸರು, ಮಂದಿ ಎಷ್ಟು. ನಿಮ್ಮ ಹೆಸರಿನ ಮುಂದ ಒಂದು ಅಂತ ಬರದದ."

ನೀಲಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ತಪ್ಪಾತಪ್ಪಾ. ಸಿಟ್ಟಾಗಬ್ಯಾಡ."

"ಸಿಟ್ಟ್ಯಾಕ್ರಿ?" ಎಂದ ಭಗವಂತ. "ಕೇಳಿದ್ದೇ ಛಲೋ ಆತು. ನೀವು ಕೇಳಲಿಲ್ಲಂದ್ರ ಆ ಕಳ್ಳನೂ ನಾನೂ ಒಂದೇ ಆಗಿಬಿಡ್ತೀವಿ. ನಂದೂ ತಪ್ಪದ, ಚೀಟಿ ಇಲ್ದೇ ಬರಬಾರ್ದಿತ್ತು. ನಾವು ಜೋಡಿ ಬರ್ತೀವಿ, ಹಿಂದಿನ ದಿನ ಡಂಗುರ ಹೊಡಸ್ತೀವಿ, ನಿಮ್ಮ ಗಲ್ಲ್ಯಾಗ ಈ ಸಲ ಅದು ತಪ್ಪ್ಯದ. ಹೊಡಿಯೋ ಮುಂದ ಮನಿ ಮಂದಿ ಬಾಗಲದಾಗ ನಿಂತು ನೋಡಬಹುದು. ಹೊರಗ ಹಾಕಿ ಕದ ಹಾಕ್ಕೊಂಡವ ನಮ್ಮಾವ ಅಲ್ಲ ಅಂತ ತಿಳಕೋರಿ."

ಮಹಾದೇವಮ್ಮ ಸೌಟು ಕೆಳಗಿಳಿಸಿದಳು. "ಆ ಕಳ್ಳ ಕದ ಹಾಕ್ಕೊಂಡಿದ್ದ ನೋಡವ್ವಾ. ಗಾಳಿಗೆ ಔಷಧ ಹೋಗ್ತದ ಅಂದ, ನಾ ಹೂಂ ಅಂದೆ."

"ಅಂಗಿ ಬಿಚ್ಚಿ ಕೊಡು" ಎಂದಳು ನೀಲಾಬಾಯಿ ಭಗವಂತನಿಗೆ. "ಭುಜ ಎತ್ತಿ ಹೊಲಕೊಡ್ತೀನಿ. ಅಷ್ಟರಾಗ ಚಹಾ ಕುಡಿ."

ಮತ್ತೆ ನಗು ಎದ್ದಿತು. ಅಂಗಿ ಬಿಚ್ಚಿ ಕೊಟ್ಟ ಭಗವಂತನಿಗೆ ಕೂರಲು ಯಾರೋ ಮಣೆ ತಂದರು. ಜಮಾದಾರನಿಗೆ ಯಾರೋ ನೀರು ಕೊಟ್ಟರು. ಕಲ್ಲುಗಲ್ಲಿಯಲ್ಲಿ ಮದುವೆ ಮನೆಯ ಗದ್ದಲವಿತ್ತು.

ನೀಲಾಬಾಯಿ ಜನರನ್ನು ಒಮ್ಮೆ ಸುಮ್ಮನೆ ನೋಡಿದಳು. ಎಲ್ಲರೂ ಇದ್ದರು. ಗಲ್ಲಿಯ ಈ ತುದಿಯವರು, ಆ ತುದಿಯವರು, ಹೊರಗೆ ಕಾಲಿಡದ ಬಾಣಂತಿ ಕೂಡ ಕೂಸು ಎತ್ತಿಕೊಂಡು ಬಂದಿದ್ದಳು. ಅವರ ತಲೆಗಳ ಆಚೆ ನೋಡಿದಳು. ಸಾಲಾಗಿ ಮನೆಗಳು. ಒಂದರ ಪಕ್ಕ ಒಂದು, ಎಲ್ಲ ಬಾಗಿಲುಗಳೂ ಹಾರುಹೊಡೆದಿದ್ದವು.

ಅವಳ ಕೈಯಲ್ಲಿದ್ದ ಅಂಗಿ ಜಾರಿತು.

"ನಿಮಗೆಲ್ಲಾ ಯಾರು ಹೇಳಿದ್ರು, ಇಲ್ಲಿ ಬರ್ರಿ ಅಂತ?"

"ಒಬ್ಬಾಕಿ ಹೇಳಿದ್ಳು" ಎಂದಳು ಮಹಾದೇವಮ್ಮ. "ಹಸರ ಸೀರಿ, ತಲಿ ಮ್ಯಾಲ ಬುಟ್ಟಿ. ಕಳ್ಳ ಸಿಕ್ಕಾನ, ಓಡ್ರಿ ಅಂದ್ಳು."

"ನಮಗೂ ಆಕೀನೇ ಹೇಳಿದ್ಳು" ಎಂದಳು ಬಾಣಂತಿ. "ಬಾಗಲಿಗೇ ಬಂದು ಕರದ್ಳು. ಬುಟ್ಟಿ ಮಾರೋ ಪೈಕಿ ಇರಬೇಕಂದೆ."

"ನಮಗೂ."

"ನಮಗೂ ಅಕೀನೇ."

"ಯಾರಾಕಿ?" ಎಂದಳು ನೀಲಾಬಾಯಿ. "ಯಾರ ಪೈಕಿ? ಯಾವ ಮನೀಕಿ?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಗೊತ್ತಿರಲಿಲ್ಲ. ಗಂಡಸು ಬಂದಿದ್ದರೆ ಕಿಟಕಿಯಿಂದ ನೋಡುತ್ತಿದ್ದರು, ಚೀಟಿ ಕೇಳುತ್ತಿದ್ದರು. ಹೆಂಗಸು ಬಂದು ಕರೆದಳು, ಎದ್ದು ಬಂದುಬಿಟ್ಟರು. ನೀಲಾಬಾಯಿ ಕಾಯ್ದೆ ಹೇಳುವಾಗ ಹೆಂಗಸರ ಮಾತನ್ನು ಎತ್ತಿರಲೇ ಇಲ್ಲ.

ಹಿಂದಿನಿಂದ ಜೈತುನ್ಬೀಯ ದನಿ ಬಂತು. ಇಷ್ಟು ಹೊತ್ತು ಯಾರಿಗೂ ಬಿಡದೆ ಮಾತಾಡಿದವಳ ದನಿ ಈಗ ಸಣ್ಣಗಾಗಿತ್ತು.

"ಅಕ್ಕಾ, ಆಕಿ ನಮ್ಮ ಮನೀಗೆ ಬಂದ್ಳು. ಬಿಸಲಾಗ ತಿರುಗಿ ಸಾಕಾಗ್ಯದ, ನೀರು ಕೊಡ್ರಿ ಅಂದ್ಳು. ಕೊಟ್ಟೆ. ನನಗೂ ಇಲ್ಲಿ ಬಂದು ನೋಡಬೇಕಂತ ಜೀವ ಹೊಯ್ದಾಡಲಿಕತ್ತಿತ್ತು."

"ಆಮ್ಯಾಲ?"

"ಜರಾ ಬಾಗಲಾ ನೋಡ್ಕೋ ತಂಗಿ ಅಂತ ಆಕೀಗೇ ಹೇಳಿ ಬಂದೀನಿ."

ಇಡೀ ಗಲ್ಲಿಯ ಸರ, ಟೀಕಿ, ಬಳೆ, ಬಿಲವರ, ಒಡವೆಗಳೆಲ್ಲ ಆ ಮನೆಯ ಪೆಟ್ಟಿಗೆಯಲ್ಲಿದ್ದವು.

ನೀಲಾಬಾಯಿ ಓಡಿದಳು. ಕಾಶಪ್ಪ ಓಡಿದ. ಅವರ ಹಿಂದೆ ನಲವತ್ತು ಜನ. ಜನ ಅಡ್ಡ ನಿಂತು ಇಷ್ಟು ಹೊತ್ತು ಆ ಹೊಸ್ತಿಲು ಕಂಡಿರಲಿಲ್ಲ. ಓಡಲು ಇದ್ದದ್ದು ಹತ್ತು ಹೆಜ್ಜೆ, ಆದರೆ ನೀಲಾಬಾಯಿಗೆ ಅದು ಚಿಂಚೋಳಿ ದಾರಿಯಷ್ಟು ಉದ್ದ ಎನಿಸಿತು. ಮೆಟ್ಟಿಲ ಹತ್ತಿರ ಬಂದವಳು ಗಕ್ಕನೆ ನಿಂತಳು.

ಹಸಿರು ಸೀರೆಯವಳು ಹೊಸ್ತಿಲ ಮೇಲೆಯೇ ಕೂತಿದ್ದಳು. ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಅಡ್ಡ ಚಾಚಿ, ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು. ಇಪ್ಪತ್ತೈದರ ಹರೆಯ. ಯಾರೂ ಒಳಗೆ ಹೋಗದ ಹಾಗೆ ಕಾಯುತ್ತಿದ್ದಂತೆ ಕಾಣುತ್ತಿತ್ತು.

ಜೈತುನ್ಬೀ ಅವಳ ಕಾಲು ದಾಟಿ ಒಳಗೆ ನುಗ್ಗಿದಳು. ಒಳಗಿನಿಂದ ಕೀಲಿಯ ಸದ್ದು, ಪೆಟ್ಟಿಗೆಯ ಮುಚ್ಚಳದ ಸದ್ದು ಕೇಳಿಸಿತು.

"ಎಲ್ಲಾ ಅದ" ಎಂದು ಜೈತುನ್ಬೀ ಕೂಗಿದಳು. ಅವಳ ದನಿಯಲ್ಲಿ ಅಳುವೂ ನಗುವೂ ಎರಡೂ ಇದ್ದವು. "ಒಂದು ಗಂಟೂ ಅಲಗ್ಯಾಡಿಲ್ಲ."

ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಕಾಶಪ್ಪ ಮೀಸೆ ಒರೆಸಿಕೊಂಡ. ಬೆಳಗಿನಿಂದ ಇದು ಎರಡನೆಯ ಸಲ ಎಲ್ಲರೂ ಅಮಾಯಕರೊಬ್ಬರನ್ನು ಕಳ್ಳರೆಂದುಕೊಂಡದ್ದು.

ನೀಲಾಬಾಯಿ ಹೊಸ್ತಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಯಾವ ಊರವ್ವ ನಿಂದು?"

"ಕುರಕುಂಟಾ ಅಂತ್ರಿ. ನನ್ನ ಹೆಸರು ಬಸ್ಸಮ್ಮ. ಮುಂಜಾನೆ ಗಾಡಿಗೆ ವಾಡಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದೆ." ಅವಳು ಬುಟ್ಟಿಯ ಬಟ್ಟೆ ಸರಿಸಿದಳು. ಒಳಗಿನಿಂದ ಒಂದು ಸಣ್ಣ ಗಂಟು ತೆಗೆದು ನೀಲಾಬಾಯಿಯ ಕೈಯಲ್ಲಿಟ್ಟಳು. "ಇದು ಯಾರದೋ ಅವರಿಗೆ ಕೊಡ್ರಿ."

ಗಂಟು ಬಿಚ್ಚಿದರೆ ಬಂಗಾರದ ಗುಂಡುಗಳ ಸರ. ಮಹಾದೇವಮ್ಮ ಸೌಟು ಕೆಳಗೆ ಬಿಟ್ಟಳು. ಅವಳ ಬೋರಮಾಳ ಅದು. ಅವಳ ತಾಯಿ ಕೊಟ್ಟದ್ದು. ಸರವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಅಲ್ಲೇ ಕೂತಳು.

"ಇದು ನಿನ್ನ ಕಡೆ ಹೆಂಗ ಬಂತು?" ಎಂದ ಕಾಶಪ್ಪ.

ಬಸ್ಸಮ್ಮ ತಲೆ ತಗ್ಗಿಸಿದಳು. "ನನ್ನ ಗಂಡ ತಂದಿಟ್ಟಿದ್ದರಿ. ಖಾಕಿ ಅಂಗಿ, ಪಂಪು ಎಲ್ಲಾ ಅಂವಂದೇ. ಎರಡು ಸಲ ಬ್ಯಾಡ ಅಂದೆ, ಕೇಳ್ಲಿಲ್ಲ. ಇವತ್ತ ಅವನ ಹಿಂದೇ ಬಂದೆ. ಅಂವ ಈ ಮನಿ ಕಡೀಗೇ ಹೊಂಟಿದ್ದ. ಅಷ್ಟರಾಗ ಈ ಅಮ್ಮಾರು ಟಾಂಗಾದವಗ ಕೂಗಿದ್ದು ಕೇಳಸ್ತು. ಮಂದಿ ಹೊರಗ ಬಂದ್ರ ಅಂವ ಮುಂದ ಬರಂಗಿಲ್ಲ ಅಂತ ಬಾಗಲ ಬಾಗಲಕ್ಕ ಓಡಾಡಿ ಕರದೆ."

"ಎಲ್ಲಿದಾನ ಈಗ?"

"ಗಲ್ಲಿ ಬಾಯಾಗಿಂದೇ ಹೊಳ್ಳಿ ಓಡಿಹೋದರಿ."

ನೀಲಾಬಾಯಿ ಅವಳ ಕೈ ಹಿಡಿದಳು. ಗಂಡನನ್ನು ತಡೆಯಲು ಊರು ಬಿಟ್ಟು ಬಂದವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆದರೆ ಒಂದು ಮಾತು ಕೇಳದೆ ಇರಲು ಆಗಲಿಲ್ಲ.

"ಬಸ್ಸಮ್ಮಾ, ಈ ಮನ್ಯಾಗ ಬಂಗಾರ ಅದ ಅಂತ ನಿನ್ನ ಗಂಡಗ ಯಾರು ಹೇಳಿದ್ರು? ಅದು ನಮ್ಮ ಗಲ್ಲಿ ಮಂದೀನ್ನ ಬಿಟ್ರ ಯಾರಿಗೂ ಗೊತ್ತಿಲ್ಲ."

"ಮನಿ ತೋರಸೋನು ಒಬ್ಬ ಇದಾನ್ರಿ. ನಿನ್ನೆ ಸಂಜಿಕ ನಮ್ಮೂರಿಗೆ ಬಂದು ಹೇಳಿ ಹೋದ. ಹೆಸರು ಗೊತ್ತಿಲ್ಲ, ಮುಖ ನೋಡೀನಿ."

"ಮತ್ತ ಸಿಕ್ರ ಗುರ್ತು ಹಿಡೀತಿ?"

ಬಸ್ಸಮ್ಮ ತಲೆ ಎತ್ತಿದಳು. ನೀಲಾಬಾಯಿಯ ಹೆಗಲಿನ ಮೇಲಿಂದ ಜನರ ಕಡೆಗೆ ನೋಡಿದಳು. ತಕ್ಷಣ ಸೆರಗು ಮುಖದ ಮೇಲೆ ಎಳೆದುಕೊಂಡಳು. ಅವಳ ಬೆರಳು ನೀಲಾಬಾಯಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು.

"ಯಾರೂ ಹೊಳ್ಳಿ ನೋಡಬ್ಯಾಡ್ರಿ" ಎಂದು ಅವಳು ಪಿಸುಗುಟ್ಟಿದಳು. ಅದು ಕೇಳಿಸಿದ್ದು ನೀಲಾಬಾಯಿಗೆ ಮತ್ತು ಬಗ್ಗಿ ನಿಂತಿದ್ದ ಕಾಶಪ್ಪನಿಗೆ ಮಾತ್ರ. "ಜಮಾದಾರ್ ಸಾಹೇಬರ ಸೈಕಲ್ ಹಿಡಕೊಂಡು ನಿಂತಾನಲ್ರಿ. ಅಂವನೇ."

ಕಾಶಪ್ಪನ ಮುಖದ ಬಣ್ಣ ಇಳಿಯಿತು. ಗಲ್ಲಿಗೆ ಬಂದು ಇಳಿಯುವ ಅವಸರದಲ್ಲಿ ಅವನು, ಚಾಚಿದ ಯಾವುದೋ ಕೈಗೆ ಸೈಕಲ್ ಕೊಟ್ಟು ಬಂದಿದ್ದ. ಯಾರ ಕೈ ಎಂದು ಅವನು ನೋಡಿಯೇ ಇರಲಿಲ್ಲ.

ಹಿಂದೆ, ಜನರ ನಡುವಿನಿಂದ, ಸೈಕಲ್ಲಿನ ಗಂಟೆ ಒಮ್ಮೆ ಕಿಣಿ ಎಂದಿತು.